ಕೆಂಪು ಟೋಪಿಯ ಜೊತೆ ಹೋದ ಮಾತು

ರೋಮ್, 19 ಅಕ್ಟೋಬರ್ 1833

ಚಿಕ್ಕಣ್ಣ,

ಹೋದ ತಿಂಗಳವರೆಗೆ ಲಕೋಟೆಯ ಮೇಲೆ ನಿನ್ನ ಬಿರುದುಗಳನ್ನೆಲ್ಲ ಬರೆದು ಮುಗಿಸುವಷ್ಟರಲ್ಲಿ ಕೈ ಸೋತುಹೋಗುತ್ತಿತ್ತು. ಈಗ ‘ಬ್ರದರ್ ಲೆಲಿಯೊ, ಯೇಸುಸಭೆಯ ನವಶಿಷ್ಯರ ಮನೆ, ರೆಜ್ಜೊ’ ಎಂದರೆ ಸಾಕಂತೆ. ಅಂಚೆಯವನಿಗೆ ಅನುಕೂಲವಾಯಿತು. ನನಗೆ ಮಾತ್ರ ಯಾರೋ ಗುರುತಿಲ್ಲದವನಿಗೆ ಬರೆಯುತ್ತಿರುವ ಹಾಗಿದೆ.

ಕಾರ್ಡಿನಲ್ ಪದವಿಯನ್ನೇ ಬಿಟ್ಟು ಹೋಗುತ್ತೇನೆಂದು ನೀನು ಪೋಪರಿಗೆ ಹೇಳಿದೆ, ನಿನ್ನ ಕ್ಷೌರಿಕನಿಗೂ ಹೇಳಿದೆ. ಒಡಹುಟ್ಟಿದ ತಂಗಿಗೆ ಹೇಳಲಿಲ್ಲ. ದೊಡ್ಡಣ್ಣ ಊಟದ ಮನೆಯಲ್ಲಿ ಕೂಗಾಡುವುದನ್ನು ಕೇಳಿ ನನಗೆ ಗೊತ್ತಾಯಿತು. “ನಾಳೆ ಪೋಪ್ ಆಗ್ಬೇಕಾದೋನು ಹೋಗಿ ಪಾತ್ರೆ ತೊಳೀತಾನಂತೆ! ಟೊರ್ವಾಲ್ದಿ ಮನೆತನದ ಮಾನ ಬೀದಿಗೆ ಬಂತು” ಎಂದು ಆಸ್ಕಾನಿಯೊ ಮೇಜು ಗುದ್ದಿದ. ಅಂದಿನಿಂದ ನಿನ್ನ ಹೆಸರನ್ನು ಯಾರೂ ಎತ್ತುವಂತಿಲ್ಲ. ನಮ್ಮ ಕೆಲಸದ ನೂನ್ಸಿಯಾ ಒಬ್ಬಳೇ ಎತ್ತುತ್ತಾಳೆ. ನಿನ್ನ ಮನೆ ಖಾಲಿ ಮಾಡಿಸುವಾಗ ನಿನ್ನ ಕಾರ್ಡಿನಲ್ ವೇಷದ ಕೆಂಪು ಕಾಲುಚೀಲದ ಗಂಟು ಹಿಡಿದುಕೊಂಡು ಬಂದು, “ಅಮ್ಮಾವ್ರೇ, ಹನ್ನೆರಡು ಜೊತೆ ಇದಾವೆ. ನಾನು ಹಾಕ್ಕೊಂಡ್ರೆ ಯಾರಾದ್ರೂ ನನ್ ಕೈಗೆ ಮುತ್ತು ಕೊಡ್ತಾರಾ?” ಎಂದಳು. ನಕ್ಕೆ. ಆಮೇಲೆ ಆ ಕಾಲುಚೀಲ ಹಿಡಿದುಕೊಂಡು ಅತ್ತೆ.

ನಿನ್ನೆ ಸಾಂತಾ ಫೆಲೀಚಿತಾ ಮಠಕ್ಕೆ ಹೋಗಿದ್ದೆ. ಫ್ಲಾಮೀನಿಯಾ ಜಾಲರಿಯ ಆ ಕಡೆಯಿಂದ ಕೇಳಿದ ಮೊದಲ ಮಾತು, “ಮಾವ ಯಾವಾಗ ಬರ್ತಾರಮ್ಮ?” ನನ್ನ ಮಗಳಿಗೆ ನೀನು ಕೊಟ್ಟ ಮಾತು ನೆನಪಿದೆಯಲ್ಲ? ಈಸ್ಟರ್ ಮುಗಿದ ಕೂಡಲೆ ಅವಳ ಸನ್ಯಾಸದ ವ್ರತ. ನಾನೇನು ಉತ್ತರ ಹೇಳಲಿ, ಬರೆ.

ಒರ್ತೆನ್ಸಿಯಾ

*

ರೆಜ್ಜೊ, 1 ನವೆಂಬರ್ 1833

ತಂಗಿ ಒರ್ತೆನ್ಸಿಯಾ,

ಹೇಳದೆ ಬಂದದ್ದಕ್ಕೆ ಕ್ಷಮಿಸು. ಹೇಳಿದ್ದರೆ ನೀನು ಅಳುತ್ತಿದ್ದೆ, ನೀನು ಅತ್ತರೆ ನಾನು ಉಳಿದುಬಿಡುತ್ತಿದ್ದೆ.

ನಿನಗೆ ನೆನಪಿರಲಾರದು, ನೀನು ಆಗಿನ್ನೂ ತೊಟ್ಟಿಲಲ್ಲಿದ್ದೆ. ನನಗೆ ಏಳು ವರ್ಷ. ಅಪ್ಪ ಊಟದ ನಡುವೆ ಬೆರಳು ತೋರಿಸಿ, “ಮನೆ ಆಸ್ಕಾನಿಯೊಗೆ, ಚರ್ಚು ಇವ್ನಿಗೆ” ಎಂದರು. ನಾನು ಬಾದಾಮಿಯ ಸಿಹಿ ತಿನ್ನುತ್ತಿದ್ದೆ. ನಿನಗಿಷ್ಟವೇ ಎಂದು ಯಾರೂ ಕೇಳಲಿಲ್ಲ. ಅಲ್ಲಿಂದ ಮುಂದೆ ಪಾದ್ರಿಯಾದದ್ದು, ಬಿಷಪ್ ಆದದ್ದು, ಕೆಂಪು ಟೋಪಿ ತಲೆಗೇರಿದ್ದು, ಎಲ್ಲವೂ ಆ ಬೆರಳಿನ ಕೆಲಸ. ಐವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ನನ್ನದೆಂಬ ಒಂದು ನಿರ್ಧಾರ ತೆಗೆದುಕೊಂಡಿದ್ದೇನೆ. ಸುಖವಾಗಿದ್ದೇನೆ ತಂಗಿ. ಇಷ್ಟು ಸುಖವಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಇಲ್ಲಿ ನನ್ನ ಜೊತೆಯವರಿಗೆಲ್ಲ ಇಪ್ಪತ್ತರ ಆಸುಪಾಸು. ನನಗೆ ಅಡುಗೆಮನೆಯ ಪಾಳಿ. ಅಲ್ಲಿಯ ಯಜಮಾನ ಬ್ರದರ್ ಜಾಕೊಪೊ, ಮುದುಕ, ಹಿಂದೆ ಸೈನ್ಯದಲ್ಲಿದ್ದವನು. ಮೊದಲ ದಿನ ನಾನು ಈರುಳ್ಳಿ ಸುಲಿಯುವುದನ್ನು ಸ್ವಲ್ಪ ಹೊತ್ತು ನೋಡಿ, “ಏನ್ ಬ್ರದರ್, ಸಿಪ್ಪೆ ತೆಗೀತಿದೀರೋ, ಈರುಳ್ಳಿಗೆ ಆಶೀರ್ವಾದ ಮಾಡ್ತಿದೀರೋ? ಹನ್ನೊಂದಕ್ಕೆ ಊಟ ಆಗ್ಬೇಕು” ಎಂದ. ನನ್ನನ್ನು ಯಾರಾದರೂ ಬೈದು ಮೂವತ್ತು ವರ್ಷವಾಗಿತ್ತು.

ಹೋಗುವ ಬರುವ ಪತ್ರಗಳನ್ನೆಲ್ಲ ನಮ್ಮ ಗುರುಗಳಾದ ಫಾದರ್ ಬೆರ್ತಾನಿ ಓದುತ್ತಾರೆ. ಇಲ್ಲಿಯ ಕ್ರಮವೇ ಹಾಗೆ. ದೊಡ್ಡಣ್ಣನ ಬಗ್ಗೆ ಸ್ವಲ್ಪ ಹಿಡಿತದಲ್ಲಿ ಬರೆ. ಫ್ಲಾಮೀನಿಯಾಗಾಗಿ ದಿನವೂ ಪ್ರಾರ್ಥಿಸುತ್ತೇನೆಂದು ಹೇಳು.

ಲೆಲಿಯೊ

*

ರೋಮ್, 14 ನವೆಂಬರ್ 1833

ಚಿಕ್ಕಣ್ಣ,

ನಾನು ಕೇಳಿದ್ದು ಮಗಳ ವಿಷಯ, ನೀನು ಬರೆದದ್ದು ಈರುಳ್ಳಿಯ ವಿಷಯ. ಫಾದರ್ ಬೆರ್ತಾನಿಯವರು ಓದುತ್ತಾರೆಂದರೆ ಒಳ್ಳೆಯದೇ ಆಯಿತು. ಅವರಿಗೂ ತಿಳಿಯಲೆಂದು ಬಿಡಿಸಿ ಬರೆಯುತ್ತೇನೆ.

ಫಾದರ್, ನಮ್ಮ ಮನೆತನದಲ್ಲಿ ತಲೆಮಾರಿಗೊಬ್ಬ ಗಂಡು ಚರ್ಚಿಗೆ, ಒಬ್ಬ ಹೆಣ್ಣು ಸಾಂತಾ ಫೆಲೀಚಿತಾ ಮಠಕ್ಕೆ. ಈ ಸಲದ ಸರದಿ ಆಸ್ಕಾನಿಯೊನ ಮಗಳದ್ದಾಗಬೇಕಿತ್ತು. ನನ್ನ ಗಂಡ ತೀರಿಕೊಂಡು ನಾವಿಬ್ಬರೂ ಅವನ ಮನೆ ಸೇರಿದ್ದರಿಂದ ನನ್ನ ಮಗಳ ಮೇಲೆ ಬಿತ್ತು. ಅವಳಿಗೆ ಹದಿನೆಂಟು. ಕುದುರೆ ಎಂದರೆ ಪ್ರಾಣ, ಇಡೀ ಮನೆಗೆ ಕೇಳಿಸುವ ಹಾಗೆ ನಗುತ್ತಿದ್ದಳು. ಮಠಕ್ಕೆ ಬಿಡುವ ದಿನ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತದ್ದನ್ನು ನಿಮ್ಮ ಬ್ರದರ್ ಲೆಲಿಯೊ ಕಣ್ಣಾರೆ ಕಂಡಿದ್ದಾರೆ. ಆಗ ಅವರು ಕಾರ್ಡಿನಲ್. ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅವರೇ ಹೇಳಿದ್ದು: “ವ್ರತಕ್ಕೆ ಮುಂಚೆ ಭೇಟಿಕೋಣೆಯಲ್ಲಿ ನಿನ್ನನ್ನ ಒಬ್ಬಳನ್ನೇ ಕೂರಿಸಿ, ಇದು ನಿನ್ನಿಷ್ಟಾನಾ ಅಂತ ಕೇಳ್ಬೇಕು, ಅದು ಚರ್ಚಿನ ಕಾನೂನು. ಆ ಪ್ರಶ್ನೆ ಕೇಳೋಕೆ ನಾನೇ ಬರ್ತೀನಿ ಮಗು. ಇಲ್ಲ ಅಂದ್ಬಿಡು, ಸಾಕು. ಗಾಡಿ ಬಾಗಿಲಲ್ಲೇ ನಿಂತಿರುತ್ತೆ.”

ಆ ಮಾತು ನಂಬಿ ಅವಳು ಒಳಗೆ ಹೋದಳು.

ಈಗ ಆ ಪ್ರಶ್ನೆ ಕೇಳಲು ಆಸ್ಕಾನಿಯೊ ಮಾನ್ಸಿಂಞೊರ್ ಗಾಲ್ಪೀನಿ ಎಂಬ ಪಾದ್ರಿಯನ್ನು ಗೊತ್ತುಮಾಡಿದ್ದಾನೆ. ಗುರುವಾರ ಗುರುವಾರ ನಮ್ಮ ಮನೆಯಲ್ಲೇ ಊಟ ಹೊಡೆಯುವವನು. ಪ್ರಶ್ನೆಯನ್ನೂ ಅವನೇ ಕೇಳುತ್ತಾನೆ, ಉತ್ತರವನ್ನೂ ಅವನೇ ಹೇಳುತ್ತಾನೆ.

ಚಿಕ್ಕಣ್ಣ, ಎರಡೇ ಕೆಲಸ ಮಾಡು. ಮಠಗಳ ಉಸ್ತುವಾರಿ ನೋಡುವ ಕಾರ್ಡಿನಲ್ ನಿನ್ನ ಹಳೆಯ ಗೆಳೆಯರು. ಬೇರೆ ಯಾರನ್ನಾದರೂ ಕಳಿಸಿ ಎಂದು ಅವರಿಗೊಂದು ಸಾಲು ಬರೆ. ಫ್ಲಾಮೀನಿಯಾಗೂ ನೀನು ಮರೆತಿಲ್ಲವೆಂದು ಒಂದು ಸಾಲು ಬರೆ.

ಒರ್ತೆನ್ಸಿಯಾ

*

ರೆಜ್ಜೊ, 27 ನವೆಂಬರ್ 1833

ತಂಗಿ,

ಫಾದರ್ ಬೆರ್ತಾನಿ ನಿನ್ನ ಪತ್ರವನ್ನು ಎರಡು ಸಲ ಓದಿದರು. “ಬರೀಬೇಕು ಅನ್ಸಿದ್ರೆ ಬರೀರಿ ಬ್ರದರ್, ನಾನು ಬೇಡ ಅನ್ನಲ್ಲ” ಎಂದರು. ಬೇಡವೆನ್ನುತ್ತಿರುವುದು ನನ್ನ ಮನಸ್ಸೇ. ಆ ಕಾರ್ಡಿನಲ್ಲರಿಗೆ ನಾನು ಬರೆದರೆ ಅದು ಬ್ರದರ್ ಲೆಲಿಯೊನ ಪತ್ರವಾಗುವುದಿಲ್ಲ, ಟೊರ್ವಾಲ್ದಿ ಮನೆಯವನ ಪತ್ರವಾಗುತ್ತದೆ. ಒಂದು ಸಲ ಆ ಕೈ ಚಾಚಿದರೆ ನಾಳೆ ಇನ್ನೊಬ್ಬರು ಬರುತ್ತಾರೆ, ನಾಡಿದ್ದು ಮತ್ತೊಬ್ಬರು. ಎಷ್ಟು ಕಷ್ಟಪಟ್ಟು ಕಳಚಿಟ್ಟದ್ದನ್ನು ಎರಡೇ ತಿಂಗಳಲ್ಲಿ ಮತ್ತೆ ತೊಡಲೇ?

ಬರೆಯುವುದಿಲ್ಲವೆಂದು ಹೇಳುತ್ತಿಲ್ಲ. ಜನವರಿಯಲ್ಲಿ ನಮಗೆ ಮೂವತ್ತು ದಿನಗಳ ಮೌನಧ್ಯಾನವಿದೆ. ಅದು ಮುಗಿದ ಮೇಲೆ ತಿಳಿಯಾದ ಮನಸ್ಸಿನಿಂದ ಬರೆಯುತ್ತೇನೆ. ವ್ರತ ಇರುವುದು ಈಸ್ಟರ್ ಆದ ಮೇಲೆ. ಬೇಕಾದಷ್ಟು ಕಾಲವಿದೆ.

ಫ್ಲಾಮೀನಿಯಾಗೆ ಇಂದೇ ಬರೆದಿದ್ದೇನೆ, ಮಠದ ಮದರ್ ಮೂಲಕ ತಲುಪುತ್ತದೆ. ನಾಲ್ಕು ಪುಟ! ನನ್ನ ಹೃದಯದಲ್ಲಿದ್ದುದನ್ನೆಲ್ಲ ಬರೆದುಬಿಟ್ಟೆ. ಓದಿದರೆ ಅವಳ ಮನಸ್ಸು ಹಗುರವಾಗುತ್ತದೆ, ನೋಡು.

ಲೆಲಿಯೊ

*

ರೋಮ್, 30 ಡಿಸೆಂಬರ್ 1833

ಚಿಕ್ಕಣ್ಣ,

ನಿನ್ನ ನಾಲ್ಕು ಪುಟ ತಲುಪಿತು. ಅದು ಮೊದಲು ಮದರ್ ಕೈಗೆ ಹೋಯಿತು. ಆಕೆ ಅದನ್ನು ಕ್ರಿಸ್ಮಸ್ ವಾರದಲ್ಲಿ ಊಟದ ಮನೆಯಲ್ಲಿ, ನಲವತ್ತು ಸಿಸ್ಟರುಗಳ ಎದುರು ಗಟ್ಟಿಯಾಗಿ ಓದಿಸಿದರು. ಎಲ್ಲರೂ ಕಣ್ಣೀರು ಹಾಕಿದರಂತೆ. ಒಂದು ಪ್ರತಿ ನನಗೂ ಕಳಿಸಿದ್ದಾರೆ, ಹೆಮ್ಮೆಯಿಂದ.

‘ನನ್ನ ಇಚ್ಛೆಯನ್ನು ಬಿಟ್ಟುಕೊಟ್ಟ ದಿನವೇ ನಾನು ಸುಖಿಯಾದೆ. ಮಗು, ಹೊರಗೆ ಯಾರಿಗಾಗಿಯೂ ಕಾಯಬೇಡ. ಕಾಯುವುದನ್ನು ಬಿಟ್ಟವರಿಗೆ ಮಾತ್ರ ಈ ಬಾಗಿಲು ಸೆರೆಮನೆಯ ಬಾಗಿಲಲ್ಲ.’

ಇದೇನು ಬರೆದೆ ನೀನು? ನಿನ್ನ ಕಥೆಯನ್ನು ನೀನು ಬರೆದುಕೊಂಡೆ, ನನಗೆ ಅರ್ಥವಾಗುತ್ತದೆ. ನೀನು ಹೋದದ್ದು ನಿನ್ನಿಷ್ಟದಿಂದ. ನಿನಗೆ ಬಿಟ್ಟುಕೊಡಲು ಒಂದು ಇಚ್ಛೆಯಾದರೂ ಇತ್ತು. ಅವಳಿಗೆ ಅದನ್ನು ಕೊಟ್ಟವರು ಯಾರು?

ಮೊನ್ನೆ ಜಾಲರಿಯ ಹಿಂದೆ ಕುಳಿತು ಹೇಳಿದಳು, “ಅಮ್ಮಾ, ಮಾವ ಏನು ಹೇಳಿದಾರೋ ಗೊತ್ತಾಯ್ತು.”

“ಏನು ಗೊತ್ತಾಯ್ತೇ?”

“ಬರಲ್ಲ ಅಂತ.”

“ಹುಚ್ಚಿ! ಮದರ್ ಓದ್ತಾರಂತ ಹಾಗೆ ಬರ್ದಿದಾನೆ. ಬಂದೇ ಬರ್ತಾನೆ” ಎಂದೆ. ಅವಳ ಮುಖ ಕಾಣುವುದಿಲ್ಲ, ನಡುವೆ ಕಪ್ಪು ಪರದೆ. ನಂಬಿದಳೋ ಇಲ್ಲವೋ.

ಇನ್ನೊಂದು ಸುದ್ದಿ ಕೇಳು. ಆಸ್ಕಾನಿಯೊನ ಮಗನ ಮದುವೆ ಈಸ್ಟರಿನ ಹಿಂದಿನ ತಪಸ್ಸುಕಾಲ ಶುರುವಾಗುವ ಮುಂಚೆಯೇ ನಡೆಯಲಿದೆ. “ಬೀಗರು ಬಂದಿರ್ತಾರೆ, ಎರಡೂ ಒಟ್ಟಿಗೇ ಆಗ್ಲಿ, ಶೋಭೆ” ಎಂದು ಫ್ಲಾಮೀನಿಯಾಳ ವ್ರತವನ್ನೂ ಹಿಂದಕ್ಕೆಳೆದು ಮೇಣದಬತ್ತಿ ಹಬ್ಬದ ದಿನ ಇಟ್ಟಿದ್ದಾನೆ. ಫೆಬ್ರವರಿ ಎರಡು. ಈಸ್ಟರ್ ಅಲ್ಲ ಚಿಕ್ಕಣ್ಣ, ಇನ್ನು ಐದು ವಾರವೂ ಇಲ್ಲ. ಈ ಪತ್ರ ಕೈ ಸೇರಿದ ಗಳಿಗೆಯಲ್ಲೇ ಬರೆ.

ಒರ್ತೆನ್ಸಿಯಾ

*

ರೆಜ್ಜೊ, 3 ಜನವರಿ 1834

ತಂಗಿ,

ಆರನೇ ತಾರೀಖು ಬೆಳಗಿನ ಪೂಜೆಯ ನಂತರ ಮೌನ ಶುರು. ಮೂವತ್ತು ದಿನ ಯಾರ ಜೊತೆಗೂ ಮಾತಿಲ್ಲ, ಬಂದ ಪತ್ರಗಳೆಲ್ಲ ಬಾಗಿಲು ಕಾಯುವವರ ಚೀಲದಲ್ಲಿ ಮುಚ್ಚಿದ ಹಾಗೆಯೇ ಇರುತ್ತವೆ. ಫಾದರ್ ಬೆರ್ತಾನಿಯೂ ಅವನ್ನು ಬಿಚ್ಚುವುದಿಲ್ಲ. ನಿನ್ನಿಂದ ಒಂದು ತಿಂಗಳಿಂದ ಪತ್ರವಿಲ್ಲ. ಸುದ್ದಿಯಿಲ್ಲವೆಂದರೆ ಎಲ್ಲ ಸರಿಯಾಗಿದೆ ಎಂದುಕೊಂಡಿದ್ದೇನೆ.

ಹಿಮ ಬಿದ್ದಿದೆ. ಬ್ರದರ್ ಜಾಕೊಪೊ ನನಗೆ ಕುರಿಯುಣ್ಣೆಯ ಹಳೆಯ ಕಾಲುಚೀಲ ಕೊಟ್ಟು, “ಕೆಂಪು ಬಣ್ಣ ಇಲ್ಲ ಬ್ರದರ್, ಹೇಗೋ ಸುಧಾರಿಸ್ಕೊಳ್ಳಿ” ಎಂದ. ಫೆಬ್ರವರಿ ಐದರಂದು ಬರೆಯುತ್ತೇನೆ.

ಲೆಲಿಯೊ

*

ರೋಮ್, 12 ಜನವರಿ 1834

ಚಿಕ್ಕಣ್ಣ,

ನೀನು ಒಳಗೆ ಹೋದೆ ಎಂದು ಇವತ್ತು ತಿಳಿಯಿತು. ಈ ಪತ್ರ ಚೀಲಕ್ಕೆ ಹೋಗುತ್ತದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಮೇಲೆ ದಪ್ಪ ಅಕ್ಷರದಲ್ಲಿ ‘ಅವಸರ’ ಎಂದು ಬರೆಸಿದ್ದೇನೆ. ಬಾಗಿಲು ಕಾಯುವವರೇ, ನಿಮಗೂ ಒಬ್ಬ ತಂಗಿ ಇದ್ದರೆ ಇದನ್ನು ಅವನಿಗೆ ಕೊಡಿ.

ನಾನೇ ಆ ಕಾರ್ಡಿನಲ್ಲರ ಮನೆಗೆ ಹೋಗಿದ್ದೆ, ನೂನ್ಸಿಯಾಳ ಜೊತೆ, ನಡೆದುಕೊಂಡು. ಆಸ್ಕಾನಿಯೊ ನನಗೆ ಗಾಡಿ ಕೊಡುವುದಿಲ್ಲ. ಅವರ ಕಾರ್ಯದರ್ಶಿ ಬಾಗಿಲಲ್ಲೇ ನಿಲ್ಲಿಸಿ, “ತಾಯಂದಿರ ಅಳು ನಾವು ದಿನಾ ಕೇಳ್ತೀವಿ ಡೋನ್ನಾ. ನಿಮ್ಮಣ್ಣನೋರ ಕೈಬರಹದಲ್ಲಿ ಒಂದು ಸಾಲು ತನ್ನಿ, ನಾಳೇನೇ ಬೇರೆಯೋರನ್ನ ಕಳಿಸ್ತೀವಿ” ಎಂದ.

ಒಂದು ಸಾಲು.

ಒರ್ತೆನ್ಸಿಯಾ

*

ರೋಮ್, 21 ಜನವರಿ 1834

ಚಿಕ್ಕಣ್ಣ,

ಪ್ರಶ್ನೆ ಕೇಳುವುದು ಮೂವತ್ತನೇ ತಾರೀಖು ಗುರುವಾರ. ಅಂದು ಗಾಲ್ಪೀನಿಗೆ ಇಷ್ಟವಾದ ಕುರಿಮರಿ ಮಾಂಸ ಮಾಡಿಸಲು ಆಸ್ಕಾನಿಯೊ ಈಗಲೇ ಹೇಳಿದ್ದಾನೆ. ಫ್ಲಾಮೀನಿಯಾಗೆ ಪ್ರತಿ ಭೇಟಿಯಲ್ಲೂ ನೀನು ಹೊರಟಿದ್ದೀಯೆ, ದಾರಿಯಲ್ಲಿದ್ದೀಯೆ ಎಂದು ಹೇಳುತ್ತಿದ್ದೇನೆ. ಇನ್ನೇನು ಹೇಳಲಿ?

*

ರೋಮ್, 3 ಫೆಬ್ರವರಿ 1834

ಲೆಲಿಯೊ,

ಆಯಿತು.

ಗುರುವಾರ ಭೇಟಿಕೋಣೆಯಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದಳು, ವ್ರತದ ಹಿಂದಿನ ದಿನ. ಗಾಲ್ಪೀನಿ ಬಂದು ಕುಳಿತ. ಮದರ್ ಅದೇ ಕೋಣೆಯ ಮೂಲೆಯಲ್ಲಿದ್ದರು. ಇರಬಾರದಿತ್ತು, ಇದ್ದರು. “ನಿನ್ನಿಷ್ಟದಿಂದ ಬಂದಿದೀಯಾ ಮಗಳೇ?” ಎಂದ.

“ನಮ್ಮ ಮಾವ ಬಂದಿಲ್ವಾ?” ಎಂದು ಇವಳು.

ಅವನು ನಕ್ಕನಂತೆ. “ನಿಮ್ಮಾವ ಈಗ ರೆಜ್ಜೊದಲ್ಲಿ ಈರುಳ್ಳಿ ಸುಲೀತಿದಾರಮ್ಮ. ಬಹಳ ಸಂತೋಷವಾಗಿದಾರೆ. ಅವ್ರ ಪತ್ರ ನೀನೂ ಕೇಳಿದೀಯಂತಲ್ಲ. ಯಾರಿಗೂ ಕಾಯ್ಬೇಡ ಅಂತ ಬರ್ದಿಲ್ವಾ?”

“ಬರ್ದಿದಾರೆ. ಹಾಗಾದ್ರೆ ಹೌದು, ನನ್ನಿಷ್ಟ” ಎಂದಳು. ಗಾಲ್ಪೀನಿ ಒಂದೂವರೆಗೆ ನಮ್ಮ ಮನೆಯ ಊಟಕ್ಕೆ ಕೂತಿದ್ದ.

ನಿನ್ನೆ ಅವಳನ್ನು ಬಲಿಪೀಠದ ಮುಂದೆ ನೆಲದ ಮೇಲೆ ಮಲಗಿಸಿ ಮೇಲೆ ಕಪ್ಪು ಬಟ್ಟೆ ಹೊದಿಸಿದರು. ನಾಲ್ಕು ಮೂಲೆಗೆ ನಾಲ್ಕು ಮೇಣದಬತ್ತಿ. ಸತ್ತವರಿಗೆ ಹಾಡುವ ಹಾಡು ಹಾಡಿದರು. ಈ ಕ್ರಮವನ್ನು ಚಿಕ್ಕಂದಿನಿಂದ ಎಷ್ಟೋ ಸಲ ನೋಡಿದ್ದೇನೆ, ಚೆನ್ನಾಗಿದೆ ಎಂದು ಹೊಗಳಿಯೂ ಇದ್ದೇನೆ. ನಿನ್ನೆ ಆ ಬಟ್ಟೆಯ ಕೆಳಗೆ ಅವಳ ಕಾಲು ನಡುಗುತ್ತಿತ್ತು. ಆಸ್ಕಾನಿಯೊ ಪಕ್ಕದಲ್ಲಿದ್ದದ್ದರಿಂದ ನಾನು ಅಳಲಿಲ್ಲ. ಈಗ ಅವಳ ಹೆಸರು ಸಿಸ್ಟರ್ ಮರಿಯಾ ಲೆಲಿಯಾ. ನಿನ್ನ ಹೆಸರನ್ನು ಅವಳೇ ಕೇಳಿ ಇಟ್ಟುಕೊಂಡಳಂತೆ.

ಇದನ್ನು ನಿನಗೆ ತಿಳಿಸದೆ ಇರಬೇಕೆಂದಿದ್ದೆ. ಆದರೆ ನಿನ್ನ ಸುಖದ ನಡುವೆ ಇದೂ ಒಂದಿಷ್ಟು ಇರಲಿ.

ಒರ್ತೆನ್ಸಿಯಾ

*

ರೆಜ್ಜೊ, 5 ಫೆಬ್ರವರಿ 1834

ತಂಗಿ, ನನ್ನ ತಂಗಿ,

ಇಂದು ಬೆಳಿಗ್ಗೆ ಮೌನ ಮುಗಿಯಿತು. ನಿನ್ನ ಮೂರು ಪತ್ರಗಳನ್ನೂ ಒಟ್ಟಿಗೆ ಕೈಗಿಟ್ಟರು. ಮೆಟ್ಟಿಲ ಮೇಲೆಯೇ ಕುಳಿತು ಓದಿದೆ.

ಕಾರ್ಡಿನಲ್ಲರಿಗೆ ಬರೆದಾಯಿತು. ಅಂಚೆಗಾಗಿ ಕಾಯದೆ, ಫಾದರ್ ಬೆರ್ತಾನಿ ತಾವೇ ಒಬ್ಬ ಸವಾರನನ್ನು ಗೊತ್ತುಮಾಡಿ ಕಳಿಸಿದರು. ಹಬ್ಬ ಕಳೆದು ಮೂರು ದಿನವಾಯಿತೆಂದು ಗೊತ್ತು. ಆದರೆ ನಮ್ಮ ಮನೆಯಲ್ಲಿ ಹೇಳಿದ ದಿನಕ್ಕೆ ಯಾವ ಕೆಲಸ ಆಗಿದೆ ಹೇಳು? ಬೀಗರು ತಡವಾಗಿ ಬಂದಿರಬಹುದು. ದಾರಿಯಲ್ಲೆಲ್ಲ ಹಿಮ. ಅವಳು ಇಲ್ಲ ಎಂದಿರಬಹುದು. ಅವಳು ಹಟದ ಹುಡುಗಿ, ಇಲ್ಲ ಎಂದೇ ಅಂದಿರುತ್ತಾಳೆ, ಅಲ್ಲವೇ?

ರೋಮಿಗೆ ಬರಲು ನನಗೆ ಅಪ್ಪಣೆ ಸಿಕ್ಕಿದೆ. ಇನ್ನೂ ಆಗಿಲ್ಲ ಎಂದು ಎರಡಕ್ಷರ ಬರೆ ಸಾಕು. ಅಂದೇ ಹೊರಡುತ್ತೇನೆ, ಭೇಟಿಕೋಣೆಗೆ ನಾನೇ ಬರುತ್ತೇನೆ.

ಲೆಲಿಯೊ

*

ರೆಜ್ಜೊ, 13 ಫೆಬ್ರವರಿ 1834

ಒರ್ತೆನ್ಸಿಯಾ,

ನಿನ್ನ ಪತ್ರ ಬಂತು.

ನಿನ್ನಿಂದ ಒಂದು ಮಾತು ಮುಚ್ಚಿಟ್ಟಿದ್ದೆ. ಮೌನಕ್ಕೆ ಹೋಗುವ ಹಿಂದಿನ ಸಂಜೆ ಫಾದರ್ ಬೆರ್ತಾನಿ ನನ್ನನ್ನು ಕರೆದು, “ಹೊರಗೆ ನಿಮಗೋಸ್ಕರ ಕಾದಿರೋದು ಏನಾದ್ರೂ ಇದೆಯಾ ಬ್ರದರ್? ನಿಮ್ಮ ತಂಗಿ ಮಗಳ ವಿಷಯ ಇತ್ತಲ್ಲ. ಹೇಳಿ, ನಿಮ್ಮ ಪತ್ರಗಳನ್ನ ಮಾತ್ರ ನಾನು ಬಿಚ್ಚಿ ನೋಡ್ತಿರ್ತೀನಿ, ಅವಸರ ಇದ್ರೆ ಕೊಡ್ತೀನಿ” ಎಂದರು. ನಾನು, “ಇಲ್ಲ ಫಾದರ್, ನನಗೋಸ್ಕರ ಯಾರೂ ಕಾದಿಲ್ಲ” ಎಂದೆ.

ಏಕೆ ಹಾಗೆಂದೆ? ಮಿಕ್ಕ ಹುಡುಗರಿಗಿಲ್ಲದ ಸವಲತ್ತು ನನಗೆ ಬೇಡವೆನಿಸಿತು. ಅದು ವಿನಯವೆಂದುಕೊಂಡೆ. ಅಲ್ಲ. ನನಗೆ ಆ ಮೂವತ್ತು ದಿನ ಬೇಕಿತ್ತು. ಯಾರೂ ಬಂದು ಬಾಗಿಲು ತಟ್ಟದ ಮೂವತ್ತು ದಿನ ನನ್ನ ಬದುಕಿನಲ್ಲೇ ಸಿಕ್ಕಿರಲಿಲ್ಲ. ಅದಕ್ಕಾಗಿ ಅವಳನ್ನು ಮಾರಿದೆ.

ಆ ನಾಲ್ಕು ಪುಟದಲ್ಲಿ ಬರೆದದ್ದು ನನ್ನ ವಿಷಯ ತಂಗಿ. ನನ್ನ ಸುಖ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅವಳಿಗೆ ಹೇಳಿಕೊಂಡೆ.

ಲೆಲಿಯೊ

*

ರೆಜ್ಜೊ, 8 ಏಪ್ರಿಲ್ 1834

ತಂಗಿ,

ಈಸ್ಟರ್ ಕಳೆಯಿತು. ನಿನ್ನಿಂದ ಪತ್ರವಿಲ್ಲ, ಕೇಳುವ ಹಕ್ಕೂ ನನಗಿಲ್ಲ. ಆದರೂ ಒಂದು ದಾರಿ ಇದೆ, ಓದದೆ ಹರಿಯಬೇಡ.

ಬಲವಂತದಿಂದ ವ್ರತ ತೊಟ್ಟವರು ಐದು ವರ್ಷದೊಳಗೆ ಅರ್ಜಿ ಕೊಟ್ಟರೆ ಚರ್ಚಿನ ನ್ಯಾಯಾಲಯ ಆ ವ್ರತವನ್ನು ರದ್ದು ಮಾಡಬಹುದು. ಆದರೆ ಅರ್ಜಿಯನ್ನು ಅವಳೇ ಕೊಡಬೇಕು, ತನ್ನ ಬಾಯಿಂದ ‘ನನ್ನನ್ನು ಬಲವಂತ ಮಾಡಿದರು’ ಎನ್ನಬೇಕು. ನಾನು ಸಾಕ್ಷಿ ನಿಲ್ಲುತ್ತೇನೆ. ಬಾಗಿಲ ಚೌಕಟ್ಟಿನಿಂದ ಆ ಬೆರಳುಗಳನ್ನು ಬಿಡಿಸಿದವನು ನಾನೇ ಅಲ್ಲವೇ? ಅವಳಿಗೆ ಹೇಳು. ಒಪ್ಪಿಸು.

ನನ್ನ ವಿಷಯ ಬರೆಯಬಾರದೆಂದಿದ್ದೆ. ಪ್ರಾರ್ಥನೆಗೆ ಕೂತರೆ ಗೋಡೆಗೆ ಹೇಳಿಕೊಂಡ ಹಾಗಿದೆ. ಊಟ ಮಣ್ಣಾಗಿದೆ. ಮೊನ್ನೆ ಬ್ರದರ್ ಜಾಕೊಪೊ, “ಒಂದು ತಿಂಗಳಿಂದ ನಿಮ್ ಬಾಯಲ್ಲಿ ಒಂದು ನಗೆ ಬಂದಿಲ್ಲ. ಸಿಪ್ಪೆ ದಪ್ಪ ತೆಗೀತಿದೀರ ಅಂತ ಬೈಯೋಕೂ ಮನಸ್ಸು ಬರ್ತಿಲ್ಲ” ಎಂದ. ಇಲ್ಲಿಂದ ಹೋಗಿಬಿಡೋಣವೆಂದರೆ ಹೋಗುವುದಾದರೂ ಎಲ್ಲಿಗೆ? ಟೋಪಿಯಿಲ್ಲದ ನನ್ನಿಂದ ಅಲ್ಲಿ ಯಾರಿಗೂ ಉಪಯೋಗವಿಲ್ಲ. ಇದ್ದಾಗ ಉಪಯೋಗಕ್ಕೆ ಬರಲಿಲ್ಲ.

ಲೆಲಿಯೊ

*

ರೋಮ್, 30 ಮೇ 1834

ಚಿಕ್ಕಣ್ಣ,

ಮತ್ತೆ ಹಾಗೆ ಕರೆಯಲು ನಾಲ್ಕು ತಿಂಗಳು ಬೇಕಾಯಿತು.

ನೀನು ಒಂದು ಮಾತು ಮುಚ್ಚಿಟ್ಟಿದ್ದೆ ಎಂದೆ. ನನ್ನದೂ ಒಂದಿದೆ. ಫ್ಲಾಮೀನಿಯಾಳನ್ನು ಮಠಕ್ಕೆ ಸೇರಿಸುವ ಕಾಗದಕ್ಕೆ ರುಜು ಹಾಕಿದವಳು ನಾನು. ಆಸ್ಕಾನಿಯೊ ಕಾಗದ ಮುಂದಿಟ್ಟು, “ರುಜು ಹಾಕು, ಇಲ್ಲಾಂದ್ರೆ ಬೇರೆ ಮನೆ ನೋಡ್ಕೋ” ಎಂದ. ನನಗೆ ಇನ್ನೊಂದು ಮನೆ ಇರಲಿಲ್ಲ, ಹಾಕಿದೆ. ಹೇಗೂ ಕೊನೆಯಲ್ಲಿ ಚಿಕ್ಕಣ್ಣ ಬಿಡಿಸುತ್ತಾನೆ ಎಂದು ಧೈರ್ಯ. ನಿನ್ನ ಮಾತನ್ನು ಅವಳಿಗಿಂತ ಮೊದಲು ನಂಬಿದವಳು ನಾನು. ಇಷ್ಟು ದಿನ ನಿನ್ನನ್ನು ಬೈದದ್ದರಲ್ಲಿ ಅರ್ಧ ನನ್ನನ್ನೇ ಬೈದುಕೊಂಡದ್ದು.

ಅರ್ಜಿಯ ವಿಷಯ ಅವಳಿಗೆ ಹೇಳಿದೆ. ಮದರ್ ಕೆಮ್ಮು ಬಂದು ಮಲಗಿದ್ದ ದಿನ ನೋಡಿ ಹೋಗಿದ್ದೆ, ನಾವಿಬ್ಬರೇ ಇದ್ದೆವು. ಪೂರ್ತಿ ಕೇಳಿಸಿಕೊಂಡು, “ಯಾರು ಬಲವಂತ ಮಾಡಿದ್ರು ಅಂತ ಬರೀಲಮ್ಮ?” ಎಂದಳು.

“ನಿಮ್ಮ ದೊಡ್ಡ ಮಾವ ಅಂತ ಬರಿ.”

“ಅವರು ಹೇಳಿದ್ದಕ್ಕೆ ನಾನು ಹೌದು ಅನ್ಲಿಲ್ಲ. ಅವರು ವರ್ಷಾನುಗಟ್ಟಲೆ ಕೂಗಿದ್ರೂ ಇಲ್ಲ ಅಂತಾನೇ ಇರ್ತಿದ್ದೆ. ನಾನು ಹೌದು ಅಂದಿದ್ದು ಚಿಕ್ಕ ಮಾವನ ಪತ್ರಕ್ಕೆ. ಆಣೆ ಮಾಡಿ ಹೇಳ್ಬೇಕಂದ್ರೆ ಅವರ ಹೆಸರೇ ಹೇಳ್ಬೇಕು. ಅದನ್ನ ನಾನು ಬರೆಯಲ್ಲ.”

ಗೋಗರೆದೆ, ಬೈದೆ. “ಅಮ್ಮಾ, ನೀನು ದಾರೀಲಿದಾರೆ ಅಂತಿದ್ಯಲ್ಲ, ಆಗ ಪ್ರತಿ ಗಾಡಿ ಸದ್ದಿಗೂ ಎದ್ದು ನಿಲ್ತಿದ್ದೆ. ಈಗ ಸದ್ದು ಕೇಳಿಸಿದ್ರೂ ಕೂತೇ ಇರ್ತೀನಿ. ಹೀಗೇ ವಾಸಿ, ಮತ್ತೆ ಎಬ್ಬಿಸ್ಬೇಡ” ಎಂದಳು.

ಅವಳ ದನಿ ಬದಲಾಗಿದೆ. ಮೆಲ್ಲಗೆ, ಎಲ್ಲ ಪದಕ್ಕೂ ಒಂದೇ ತೂಕದಲ್ಲಿ ಮಾತಾಡುತ್ತಾಳೆ, ಮಿಕ್ಕ ಸಿಸ್ಟರುಗಳ ಹಾಗೆ.

ಒರ್ತೆನ್ಸಿಯಾ

*

ರೆಜ್ಜೊ, 12 ಜೂನ್ 1834

ತಂಗಿ,

ಇದರ ಜೊತೆ ನನ್ನ ಹೇಳಿಕೆ ಇದೆ. ಫಾದರ್ ಬೆರ್ತಾನಿಯ ಎದುರು ಬರೆದು ರುಜು ಹಾಕಿದ್ದೇನೆ. ‘ಈ ಹುಡುಗಿಯ ಮನಸ್ಸನ್ನು ಮುರಿದು ವ್ರತಕ್ಕೆ ಒಡ್ಡಿದವನು ನಾನು, ಹಿಂದಿನ ಕಾರ್ಡಿನಲ್ ಲೆಲಿಯೊ ಟೊರ್ವಾಲ್ದಿ’ ಎಂದು ಅದರಲ್ಲಿದೆ. ಅವಳು ನನ್ನ ಹೆಸರು ಹೇಳಬೇಕಾಗಿಲ್ಲ, ನಾನೇ ಹೇಳಿದ್ದೇನೆ. ‘ಇದು ನಿಜ’ ಎಂದು ಕೆಳಗೆ ಬರೆದರೆ ಸಾಕು.

ಇದರಿಂದ ನನ್ನನ್ನು ಇಲ್ಲಿಂದ ಕಳಿಸಿಬಿಡಬಹುದು ಎಂದು ಫಾದರ್ ಎಚ್ಚರಿಸಿದರು. ಕಳಿಸಲಿ. ಅವಳು ಹೊರಬಂದರೆ ನಾನು ಯಾವ ಬೀದಿಯಲ್ಲಾದರೂ ಇರುತ್ತೇನೆ. ಜಾಲರಿಯ ಬಳಿ ಇದನ್ನು ಓದಿ ಹೇಳು. ಮಾವ ಕಾಲಿಗೆ ಬಿದ್ದು ಕೇಳುತ್ತಿದ್ದಾನೆಂದು ಹೇಳು. ಒಂದು ಸಲ ಎದ್ದು ನಿಲ್ಲೆನ್ನು.

ಲೆಲಿಯೊ

*

ರೋಮ್, 20 ಜುಲೈ 1834

ಚಿಕ್ಕಣ್ಣ,

ಓದಿ ಹೇಳಿದೆ. ಒಂದಕ್ಷರ ಬಿಡದೆ. ನಡುನಡುವೆ ನಾನು ಸಾಲು ತಪ್ಪಿದಾಗ ಅವಳೇ, “ನಿಧಾನಕ್ಕೆ ಓದಮ್ಮ, ಸಮಯ ಇದೆ” ಎಂದಳು.

ಆಮೇಲೆ ಆ ಕಾಗದವನ್ನು ಜಾಲರಿಯ ಕಿಂಡಿಯಿಂದ ಒಳಗೆ ತೆಗೆದುಕೊಂಡಳು. ರುಜು ಹಾಕುತ್ತಾಳೆ ಎಂದೇ ನಾನು ನಂಬಿದೆ. ಹರಿಯುವ ಸದ್ದು ಕೇಳಿಸಿತು. ಒಂದು ಸಲ, ಎರಡು ಸಲ, ಬಹಳ ಸಣ್ಣಗೆ ಹರಿದಳು.

“ಮಾವನ್ನ ಅಲ್ಲಿಂದಾನೂ ಓಡಿಸೋಕೆ ನಾನೇ ಬೇಕಾ?” ಎಂದಳು. ಹೊರಡುವ ಗಂಟೆ ಹೊಡೆದಾಗ ಪರದೆಯ ಹತ್ತಿರ ಬಂದು ಹೇಳಿದ್ದು ಇಷ್ಟು: “ಮಾವ ಅಲ್ಲಿ ನಿಜವಾಗ್ಲೂ ಸುಖವಾಗಿದಾರಾ, ಕೇಳಿ ಬರಿ ಅಮ್ಮ. ಆ ಪತ್ರದಲ್ಲಿ ಇದ್ದಿದ್ದು ನಿಜಾನಾ ಅಂತ. ನಿಜ ಆಗಿದ್ರೆ ನನಗೆ ಇಲ್ಲಿ ಇದ್ದುಬಿಡೋಕೆ ಆಗುತ್ತೆ.”

ಕೇಳಿದ್ದೇನೆ. ಏನು ಬರೆಯುತ್ತೀಯೋ ಬರೆ. ಬರುವ ತಿಂಗಳ ಭೇಟಿಯಲ್ಲಿ ಅವಳಿಗೆ ಓದಿ ಹೇಳುತ್ತೇನೆ.

ಒರ್ತೆನ್ಸಿಯಾ

*

ರೆಜ್ಜೊ, 1 ಆಗಸ್ಟ್ 1834

ತಂಗಿ ಒರ್ತೆನ್ಸಿಯಾ,

ಈ ಪತ್ರವನ್ನೂ ಫಾದರ್ ಬೆರ್ತಾನಿ ಓದುತ್ತಾರೆ. ಎದುರು ಕೂರಿಸಿಕೊಂಡು ಇದು ನಿಜವೇ ಎಂದು ಕೇಳಿದರೆ ಅವರಿಗೂ ಇದನ್ನೇ ಹೇಳುತ್ತೇನೆ, ಸಾಯುವಾಗ ಕೇಳಿದರೂ ಇದನ್ನೇ.

ಅವಳಿಗೆ ಓದಿ ಹೇಳು. ನಿಜ ಮಗು. ಪ್ರತಿಯೊಂದು ಅಕ್ಷರವೂ ನಿಜ. ಮಾವ ಸುಖವಾಗಿದ್ದಾನೆ.

ಲೆಲಿಯೊ